ಚಿತ್ರ ಬಿಡಿಸಿದರೆ ಜ್ವರ ಬರುವುದಿಲ್ಲ

ಕಳೆದ ಬೇಸಿಗೆಯ ಒಂದು ಸಂಜೆ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಅವಳ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗಿಗೆ ಮೈ ನಡುಗಿಸುವ ಚಳಿಜ್ವರ. ಮೂತ್ರ ಮಾಡುವಾಗ ಉರಿ. ಬೆನ್ನಿನ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು. ಮೂರು ದಿನದಿಂದ ಮೆಡಿಕಲ್ ಸ್ಟೋರಿನ ಜ್ವರದ ಮಾತ್ರೆಯಲ್ಲೇ ಕಾಲ ತಳ್ಳಿದ್ದರು.

"ಎಲ್ಲಾ ಆ ಚಿತ್ರದ ಹುಚ್ಚಿನಿಂದ ಡಾಕ್ಟ್ರೇ" ಎಂದರು ತಾಯಿ. "ಭಾನುವಾರ ಬಂತೆಂದರೆ ಏಳು ಗಂಟೆಗೇ ಮಡಿಸೋ ಸ್ಟೂಲು ಹಿಡಿದು ಹೊರಟುಬಿಡ್ತಾಳೆ. ಹೂವಿನ ಮಾರ್ಕೆಟ್ಟಿನ ಮುಂದೆ ಮಧ್ಯಾಹ್ನದವರೆಗೂ ಕೂತು ಗೀಚ್ತಾಳೆ. ಇನ್ಮೇಲೆ ಹೋಗಬೇಡ ಅಂತ ನೀವೇ ಹೇಳಿ. ನನ್ನ ಮಾತು ಕೇಳಲ್ಲ, ನೀವು ಹೇಳಿದ್ರೆ ಕೇಳ್ತಾಳೆ."

ಆ ಮಾತನ್ನು ನಾನು ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದನ್ನು ಈ ವಾರ ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಈಕೆ ಚಿತ್ರಕಲೆಯ ವಿದ್ಯಾರ್ಥಿನಿ. ಕಲಿಯುತ್ತಿರುವುದು 'ಅರ್ಬನ್ ಸ್ಕೆಚಿಂಗ್'. ಅಂದರೆ ಫೋಟೊ ನೋಡಿ ಬಿಡಿಸದೆ, ಊರಿನ ಬೀದಿ, ಮಾರುಕಟ್ಟೆ, ನಿಲ್ದಾಣ, ಹೋಟೆಲುಗಳಲ್ಲೇ ಕುಳಿತು ಕಣ್ಣಿಗೆ ಕಂಡದ್ದನ್ನು ಅಲ್ಲೇ ಬಿಡಿಸುವುದು. ಅಮೆರಿಕದ ಸಿಯಾಟಲ್ ನಗರದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಇಂಥ ಹವ್ಯಾಸಿಗಳನ್ನು ಒಟ್ಟುಗೂಡಿಸಿದ ಮೇಲೆ ಈ ಹೆಸರು ಜಗತ್ತಿನಾದ್ಯಂತ ಹರಡಿತು. ಹೆಸರು ಹೊಸದು, ಕೆಲಸ ನಮಗೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚೆನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನೂ ರಸ್ತೆಗಳನ್ನೂ ಬಯಲಲ್ಲೇ ನಿಂತು ಚಿತ್ರಿಸಿದವರು.

ಹಾಗಾದರೆ ಈ ಹುಡುಗಿಗೆ ಜ್ವರ ಬಂದದ್ದು ಎಲ್ಲಿಂದ?

ಒಂದು ಪ್ರಶ್ನೆ, ಒಂದು ಉತ್ತರ

"ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಷ್ಟು ನೀರು ಕುಡಿಯುತ್ತೀಯಮ್ಮ?" ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಕುಡಿಯೋದೇ ಇಲ್ಲ ಸರ್. ಅವತ್ತು ಕಾಫೀನೂ ಬಿಡ್ತೀನಿ" ಎಂದಳು.

"ಯಾಕೆ?"

"ಅಲ್ಲಿ ಹೋಗೋಕೆ ಜಾಗ ಇಲ್ಲ ಸರ್. ಒಂದು ಶೌಚಾಲಯ ಇದೆ. ಬಾಗಿಲಿಗೆ ಚಿಲಕ ಇಲ್ಲ, ನೀರು ಬರಲ್ಲ."

ಈ ಉಪಾಯವನ್ನು ಅವಳಿಗೆ ಹೇಳಿಕೊಟ್ಟವರು ಅವಳು ಚಿತ್ರ ಬಿಡಿಸುತ್ತಿದ್ದ ಹೂ ಮಾರುವ ಹೆಂಗಸು. ನಸುಕಿನ ನಾಲ್ಕಕ್ಕೆ ಬುಟ್ಟಿ ಇಟ್ಟುಕೊಂಡು ಕೂರುವಾಕೆ. ಪಕ್ಕದಲ್ಲಿ ಬಕೆಟ್ ತುಂಬ ನೀರಿದೆ, ಆದರೆ ಅದು ಹೂವಿಗೆ ಚಿಮುಕಿಸಲು. "ಮನೆಗೆ ಹೋಗೋ ತನಕ ನೀರು ಮುಟ್ಟಬೇಡ ಮಗಾ, ಆಗ ತಾಪತ್ರಯವೇ ಇರಲ್ಲ" ಎಂದಿದ್ದರಂತೆ. ಹೇಳಿದವರು ಅನುಭವಸ್ಥರು, ಕೇಳಿದವಳು ವಿಧೇಯ ವಿದ್ಯಾರ್ಥಿನಿ.

ಒಳಗೆ ನಡೆಯುವುದೇನು?

ಮೂತ್ರ ಕೇವಲ ಕಶ್ಮಲವಲ್ಲ. ಆಗಾಗ ಹರಿದು ದಾರಿಯನ್ನು ತೊಳೆಯುವ ನೀರೂ ಹೌದು. ನಮ್ಮ ಕರುಳಿನಲ್ಲಿ ವಾಸಿಸುವ ಈ-ಕೊಲೈ ಎಂಬ ರೋಗಾಣು ಹೊರಗಿನಿಂದ ಮೂತ್ರದ ದಾರಿಯನ್ನು ಹತ್ತಲು ಪ್ರಯತ್ನಿಸುತ್ತದೆ. ಗಂಡಸರಲ್ಲಿ ಈ ದಾರಿ ಸುಮಾರು 20 ಸೆಂಟಿಮೀಟರ್ ಉದ್ದ. ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ. ಆದ್ದರಿಂದಲೇ ಈ ಸೋಂಕು ಹೆಂಗಸರನ್ನು ಹೆಚ್ಚು ಕಾಡುತ್ತದೆ. ನೀರು ಕುಡಿಯದೆ, ಬಂದ ಮೂತ್ರವನ್ನೂ ಗಂಟೆಗಟ್ಟಲೆ ಕಟ್ಟಿಕೊಂಡರೆ ರೋಗಾಣುಗಳಿಗೆ ಬೆಚ್ಚಗಿನ, ಯಾರೂ ಕದಲಿಸದ ಮನೆ ಸಿಕ್ಕಂತೆ. ಮೊದಲು ಮೂತ್ರಕೋಶದಲ್ಲಿ ಉರಿ, ಪದೇ ಪದೇ ಹೋಗಬೇಕೆಂಬ ಅವಸರ. ಅಲ್ಲಿಂದ ಮೇಲೇರಿ ಮೂತ್ರಪಿಂಡ ತಲುಪಿದರೆ ಚಳಿಜ್ವರ, ವಾಂತಿ, ಬೆನ್ನಿನ ಪಕ್ಕದಲ್ಲಿ ನೋವು. ಈ ಹುಡುಗಿಯದು ಎರಡನೆಯ ಹಂತ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಹೇಳತಕ್ಕದ್ದು. ಪದೇ ಪದೇ ಮೂತ್ರದ ಸೋಂಕಿಗೆ ಒಳಗಾಗುತ್ತಿದ್ದ, ಕಡಿಮೆ ನೀರು ಕುಡಿಯುವ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಅವರಿಗೆ ಬಂದ ಸೋಂಕುಗಳ ಸಂಖ್ಯೆ ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ನೀರಿಗಿಂತ ಅಗ್ಗದ ಔಷಧ ನನಗೆ ಗೊತ್ತಿಲ್ಲ.

ಮೂತ್ರ ಪರೀಕ್ಷೆ, ಕಲ್ಚರ್ ಮಾಡಿಸಿ ಔಷಧ ಕೊಟ್ಟೆ. ಕೋರ್ಸ್ ಪೂರ್ತಿ ಮುಗಿಸಿದಳು, ಗುಣವಾದಳು. ಒಂದು ಎಚ್ಚರಿಕೆ: ಉರಿ ಕಂಡಾಗ ಪಕ್ಕದ ಮನೆಯವರು ಬಳಸಿ ಉಳಿಸಿದ ಆಂಟಿಬಯೋಟಿಕ್ ನುಂಗುವುದು, ಎರಡು ದಿನದಲ್ಲಿ ಹಾಯೆನಿಸಿತೆಂದು ನಿಲ್ಲಿಸುವುದು ಎರಡೂ ತಪ್ಪು. ರೋಗಾಣು ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಉರಿಯ ಜೊತೆ ಜ್ವರ, ಬೆನ್ನುನೋವು ಇದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಮತ್ತು ಮಧುಮೇಹಿಗಳು ಬರೀ ಉರಿಯನ್ನೂ ಕಡೆಗಣಿಸಬಾರದು.

ಅರ್ಧ ಚೀಟಿ

ಇನ್ನು ನನ್ನ ತಪ್ಪಿನ ಮಾತು. ಹಲವು ವರ್ಷಗಳಿಂದ ಇಂಥ ರೋಗಿಗಳಿಗೆ ಔಷಧದ ಚೀಟಿಯ ಕೊನೆಯಲ್ಲಿ "ಧಾರಾಳವಾಗಿ ನೀರು ಕುಡಿಯಿರಿ" ಎಂದು ಬರೆದು ಕಳಿಸಿದ್ದೇನೆ. ಕುಡಿದ ನೀರನ್ನು ಎಲ್ಲಿ ವಿಸರ್ಜಿಸುತ್ತೀರಿ ಎಂದು ಕೇಳಿದ್ದು ತೀರಾ ಕಡಿಮೆ. ಕ್ಲಿನಿಕ್ಕಿನ ಹಿಂದೆಯೇ ಶುಚಿಯಾದ ಶೌಚಾಲಯ ಇಟ್ಟುಕೊಂಡು ಕೂತ ಗಂಡಸಿಗೆ ಆ ಪ್ರಶ್ನೆ ಹೊಳೆಯದಿರುವುದು ಸಹಜವೇನೋ. ಆದರೆ ಹೂ ಮಾರುವವರು, ತರಕಾರಿ ಮಾರುವವರು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಸಂಚಾರ ಪೊಲೀಸರು, ರಸ್ತೆ ಗುಡಿಸುವವರು ಇವರೆಲ್ಲ ನನ್ನ ಚೀಟಿ ಓದಿ ಒಳಗೊಳಗೇ ನಕ್ಕಿರಬೇಕು. ಹೋಗಲು ಜಾಗ ತೋರಿಸದೆ ನೀರು ಕುಡಿಯಿರಿ ಎನ್ನುವುದು ಅರ್ಧ ಚೀಟಿ.

ಈ ಹುಡುಗಿ ವಾರಕ್ಕೊಂದು ದಿನ ಐದಾರು ಗಂಟೆ ಬೀದಿಯಲ್ಲಿ ಕುಳಿತಳು, ಕಾಯಿಲೆ ಬಿದ್ದಳು, ಕರೆತರಲು ತಾಯಿ ಇದ್ದರು. ವರ್ಷವಿಡೀ ಅಲ್ಲೇ ಕೂರುವಾಕೆಯನ್ನು ಯಾರು ಕರೆತರುತ್ತಾರೆ?

ಹಾಗಾದರೆ ಕಳಿಸುವುದು ಹೇಗೆ?

ಮಗಳನ್ನು ಮನೆಯಲ್ಲಿ ಕೂರಿಸಿದರೆ ಸೋಂಕೇನೋ ನಿಂತೀತು, ಕಲಿಕೆಯೂ ನಿಲ್ಲುತ್ತದೆ. ಬಯಲಲ್ಲಿ ಚಿತ್ರ ಬಿಡಿಸುವಾಗ ಕಣ್ಣು ದೂರದ ಗೋಪುರವನ್ನೂ ಹತ್ತಿರದ ಹಾಳೆಯನ್ನೂ ಸರದಿಯಂತೆ ನೋಡುತ್ತದೆ. ಮೊಬೈಲಿಗೆ ಅಂಟಿದ ಕಣ್ಣಿಗೆ ಈ ವಿರಾಮ ಇಲ್ಲ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಚಿಕ್ಕ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. "ಸಾಧ್ಯವಾದರೆ ತಮ್ಮನನ್ನೂ ಒಮ್ಮೊಮ್ಮೆ ಜೊತೆಗೆ ಕರೆದೊಯ್ಯಲಿ" ಎಂದಾಗ ತಾಯಿ ನನ್ನನ್ನೇ ವಿಚಿತ್ರವಾಗಿ ನೋಡಿದರು!

ಬಿಸಿಲಿನ ಬಗ್ಗೆ ಅವರ ಭಯ ನ್ಯಾಯವಾದದ್ದೇ. ಬೆಂಗಳೂರಿನ ಬಿಸಿಲು ತಂಪು ಎಂದು ನಂಬಿ ನಾವು ಮೋಸ ಹೋಗುತ್ತೇವೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಅತಿನೇರಳೆ ಕಿರಣಗಳ ತೀವ್ರತೆಯೂ ಹೆಚ್ಚುತ್ತದೆ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಬಿಡಿಸುವುದು ಕ್ಷೇಮ, ನೆರಳುಗಳು ಉದ್ದವಾಗಿ ಚಿತ್ರಕ್ಕೂ ಅದೇ ಚೆಂದ ಎಂದು ಹುಡುಗಿಯೇ ಹೇಳಿದಳು. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿ ಬಟ್ಟೆ ಇರಲಿ. ಹಾಳೆಯ ಮೇಲೂ ನೆರಳಿರಲಿ. ಬಿಸಿಲಿಗೆ ಹೊಳೆಯುವ ಬಿಳಿ ಕಾಗದ ಕಣ್ಣು ಕುಕ್ಕುತ್ತದೆ, ತಲೆನೋವು ತರುತ್ತದೆ. ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಕಂಡರೆ ಕೂಡಲೇ ನೆರಳಿಗೆ ಸರಿದು ನೀರು, ಎಳನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ಬಿಸಿಲಲ್ಲಿದ್ದವರು ಮಾತು ತೊದಲಿ ಗೊಂದಲಗೊಂಡರೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು, ತಡ ಮಾಡಬಾರದು.

ತಲೆಯ ತೂಕ ಸುಮಾರು ಐದು ಕಿಲೊ. ಅದನ್ನು ತೊಡೆಯ ಮೇಲಿನ ಪುಸ್ತಕಕ್ಕೆ ಬಾಗಿಸಿ ಗಂಟೆಗಟ್ಟಲೆ ಕೂತರೆ ಕತ್ತು ನೋಯದಿದ್ದೀತೆ? ಹಾಳೆಯ ಕೆಳಗೆ ರಟ್ಟು ಇಟ್ಟು ಓರೆಯಾಗಿ ಎತ್ತಿ ಹಿಡಿಯಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಬಸ್ಸುಗಳು ಹೊಗೆ ಉಗುಳುವ ಸಿಗ್ನಲ್ಲಿನ ಬಳಿ ಕೂರುವುದಕ್ಕಿಂತ ಇಪ್ಪತ್ತು ಮೀಟರ್ ಒಳಗಿನ ಅಡ್ಡರಸ್ತೆ ವಾಸಿ. ಆಸ್ತಮಾ ಇರುವವರ ಚೀಲದಲ್ಲಿ ಇನ್ಹೇಲರ್ ಇರಲೇಬೇಕು.

ಬಣ್ಣದ ವಿಷಯದಲ್ಲಿ ಒಂದು ಮಾತು. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸ ಹಲವರಿಗಿದೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ನ್ಯೂಜರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಹೀಗೆ ಮಾಡಿಯೇ ದವಡೆಯ ಮೂಳೆ ಕೊಳೆತು ಸತ್ತರು. ಇಂದಿನ ಜಲವರ್ಣದಲ್ಲಿ ರೇಡಿಯಂ ಇಲ್ಲ, ಆದರೆ ಕೆಲವು ಕೆಂಪು, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಕುಂಚ ತೊಳೆಯುವ ನೀರಿನ ಬಾಟಲಿ ಬೇರೆ, ಕುಡಿಯುವ ಬಾಟಲಿ ಬೇರೆ ಇರಲಿ. ತಿನ್ನುವ ಮುನ್ನ ಕೈ ತೊಳೆಯಲಿ.

ಇನ್ನು ಮುಖ್ಯ ವಿಷಯ. ಚಿತ್ರಕ್ಕೆ ಜಾಗ ಹುಡುಕುವ ಮುನ್ನ ಶೌಚಾಲಯ ಹುಡುಕಬೇಕು. ಗ್ರಂಥಾಲಯ, ಮೆಟ್ರೊ ನಿಲ್ದಾಣ, ಪರಿಚಯದ ಹೋಟೆಲು ಯಾವುದಾದರೂ ಸರಿ. ಗಂಟೆಗೊಂದು ಲೋಟ ನೀರು, ಮೂರು ಗಂಟೆಗೊಮ್ಮೆಯಾದರೂ ವಿಸರ್ಜನೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಬೇಕಾದಾಗ ಒಬ್ಬರು ಎದ್ದು ಹೋಗಲು, ಒಬ್ಬರು ಸಾಮಾನು ಕಾಯಲು ಅನುಕೂಲವಾಗುವಂತೆ ಇಬ್ಬರು ಮೂವರು ಗೆಳತಿಯರು ಜೊತೆಗೆ ಹೋಗುವುದು ಒಳ್ಳೆಯದು.

ಇಷ್ಟು ಮನೆಯವರು ಮಾಡಬಹುದಾದದ್ದು. ಉಳಿದದ್ದು ಊರಿನ ಕೆಲಸ. ಮಾರುಕಟ್ಟೆಗೊಂದು ಶುಚಿಯಾದ, ಚಿಲಕವಿರುವ, ನೀರು ಬರುವ ಹೆಂಗಸರ ಶೌಚಾಲಯ, ನಲ್ಲಿಯಲ್ಲಿ ಕುಡಿಯುವ ನೀರು, ನೆರಳಿರುವ ಕಟ್ಟೆ – ಇವು ಅಲಂಕಾರವಲ್ಲ, ರೋಗ ತಡೆಯುವ ಸಾಧನಗಳು. ನಗರಾಡಳಿತದ ಆಯವ್ಯಯದಲ್ಲಿ ಇವುಗಳಿಗೆ ಹಾಕುವ ಹಣವನ್ನು ನಾನು ಆರೋಗ್ಯದ ಲೆಕ್ಕದಲ್ಲೇ ಬರೆಯುತ್ತೇನೆ. ಹೋಟೆಲಿನವರು, ಅಂಗಡಿಯವರು ಕೇಳಿದ ಹೆಣ್ಣುಮಗಳಿಗೆ ಬಾಗಿಲು ತೆರೆದರೆ ಅದೂ ಒಂದು ಚಿಕಿತ್ಸೆಯೇ.

ಎರಡು ತಿಂಗಳ ನಂತರ ಹುಡುಗಿ ತನ್ನ ಚಿತ್ರದ ಪುಸ್ತಕ ತೋರಿಸಲು ಬಂದಿದ್ದಳು. ಹೂವಿನ ರಾಶಿ, ತಳ್ಳುಗಾಡಿ, ಗೋಪುರ ಎಲ್ಲ ಚೆನ್ನಾಗಿದ್ದವು. ಕೊನೆಯ ಪುಟದಲ್ಲಿ ಮಾರುಕಟ್ಟೆಯ ಸುತ್ತಲಿನ ಒಂದು ನಕ್ಷೆ. ಆರು ಕಡೆ ಗುರುತು: ಎಲ್ಲಿ ಚಿಲಕ ಇದೆ, ಎಲ್ಲಿ ಐದು ರೂಪಾಯಿ ಕೇಳುತ್ತಾರೆ, ಯಾವ ಹೋಟೆಲಿನವರು ಬೇಡ ಅನ್ನುವುದಿಲ್ಲ. ಅದರ ಒಂದು ಪ್ರತಿಯನ್ನು ಹೂವಿನಮ್ಮನಿಗೂ ಕೊಟ್ಟಿದ್ದಾಳಂತೆ. ಆಕೆ ಈಗ ಬೆಳಿಗ್ಗೆ ಒಂದು ಲೋಟ ಚಹಾ ಕುಡಿಯುತ್ತಾರಂತೆ.

ನನಗೂ ಒಂದು ಪ್ರತಿ ಕೊಡಮ್ಮ ಎಂದು ಕೇಳಿ ಪಡೆದುಕೊಂಡೆ. ಆ ಕಡೆಯಿಂದ ಬರುವ ರೋಗಿಗಳಿಗೆ "ನೀರು ಕುಡಿಯಿರಿ" ಎಂದು ಬರೆದಾಗ ಈಗ ಅದನ್ನೂ ತೋರಿಸುತ್ತೇನೆ.