"ಯಜಮಾನ್ರನ್ನ ಕಳ್ಸೀಮ್ಮಾ"

ಗ್ಯಾರೇಜಿಗೆ ಹೋದ ಹೆಂಗಸಿಗೆ ಸಿಗುವ ಮೊದಲ ಉತ್ತರ ಇದು: "ಯಜಮಾನ್ರನ್ನ ಕಳ್ಸೀಮ್ಮಾ, ಅವರಿಗೆ ಹೇಳ್ತೀನಿ." ಕಾರು ನನ್ನದು, ಓಡಿಸುವವಳು ನಾನು, ದುಡ್ಡು ಕೊಡುವವಳೂ ನಾನೇ. ನಮ್ಮ ಯಜಮಾನರಿಗೆ ಕಾರು ಓಡಿಸಲು ಬಾರದು. ಪಕ್ಕದಲ್ಲಿ ಕೂತು, ಹಂಪ್ ಕಂಡಾಗಲೆಲ್ಲ "ನಿಧಾನ, ನಿಧಾನ" ಎನ್ನುವುದಷ್ಟೇ ಅವರಿಗೆ ಗೊತ್ತಿರುವ ವಿದ್ಯೆ. ಆದರೂ ಕಾರಿನ ಕಾಯಿಲೆ ಕೇಳಿಸಿಕೊಳ್ಳುವ ಯೋಗ್ಯತೆ ಅವರಿಗುಂಟು, ನನಗಿಲ್ಲ!

ನಮ್ಮದು 2004ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ತಯಾರಿಕೆ ನಿಂತರೇನಂತೆ, ನಮ್ಮಂಥವರ ಓಡಾಟ ನಿಲ್ಲುತ್ತದೆಯೆ? 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು, ಸಂಪಿಗೆಯಿಂದ ತುರುವೇಕೆರೆಗೆ, ತಿಪಟೂರಿಗೆ ಓಡಿಸುತ್ತಲೇ ಇದ್ದೇನೆ.

ಮುಂದಿನ ಎಡಚಕ್ರದ ಕಡೆಯಿಂದ ಗಡಗಡ ಸದ್ದು ಬರತೊಡಗಿದಾಗ ಒಂದು ಗ್ಯಾರೇಜಿಗೆ ಹೋದೆ. ಯಜಮಾನರು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಉತ್ತರ ಸಿಕ್ಕಿತು. "ಶಾಕ್ ಹೋಗಿದೆ. ಒಂದೇ ಕಡೆ ತಾನೆ? ಆಯಿಲ್ ತುಂಬಿ ಸೀಲ್ ಹಾಕಿಕೊಡ್ತೀನಿ. ಹಳೇ ಗಾಡಿಗೆ ಹೊಸದ್ಯಾಕೆ?" ನಾನೂ ನಮ್ಮೆಲ್ಲರ ಬಾಯಿಪಾಠವನ್ನೇ ಒಪ್ಪಿಸಿದೆ: "ನನಗೇನು ಗೊತ್ತಾಗುತ್ತೆ, ನೀವೇ ನೋಡಿ ಮಾಡಿ."

ಮೂರು ತಿಂಗಳೂ ಆಗಿರಲಿಲ್ಲ. ಪಕ್ಕದ ಮನೆಯ ಬಸುರಿ ಹುಡುಗಿಗೆ ರಾತ್ರಿ ನೋವು ಕಾಣಿಸಿಕೊಂಡಿತು. ಅವಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ತಿಪಟೂರಿನ ಕಡೆ ಹೊರಟೆ. ಸೋನೆ ಮಳೆ. ತಿರುವಿನಲ್ಲಿ ಎದುರಿಗೆ ಕಾಯಿ ತುಂಬಿದ ಲಾರಿ. ಬ್ರೇಕ್ ತುಳಿದೆ. ಗುಂಡಿಗೆ ಬಿದ್ದೆದ್ದ ಎಡಚಕ್ರ ನೆಲ ಕಚ್ಚಲೇ ಇಲ್ಲ. ಕಾರು ಬಲಕ್ಕೆ, ಲಾರಿಯ ಕಡೆಗೇ ಎಳೆಯಿತು. ಲಾರಿಯವನು ರಸ್ತೆ ಬಿಟ್ಟು ಮಣ್ಣಿಗಿಳಿದ ಪುಣ್ಯಕ್ಕೆ ನಾವು ಉಳಿದೆವು. ಹುಡುಗಿ ಬೆಳಗಿನ ಜಾವ ಸುಖವಾಗಿ ಹೆತ್ತಳು. ಮಾರನೆಯ ದಿನ ಊರಿನಲ್ಲಿ ಹುಟ್ಟಿದ ಮಾತು ಬೇರೆ: "ಹೆಂಗಸರ ಕೈಗೆ ಕಾರು ಕೊಟ್ರೆ ಇನ್ನೇನಾಗುತ್ತೆ?"

ನಮ್ಮ ಸಂಪಿಗೆಯೇ ಹಂಸಧ್ವಜನ ಚಂಪಕಾಪುರ ಎಂದು ಹಿರಿಯರು ಹೇಳುತ್ತಾರೆ. ಅವನ ಮಗ ಸುಧನ್ವ ಯುದ್ಧಕ್ಕೆ ತಡವಾಗಿ ಹೋಗಿ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದ ಕಥೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿದೆ. ಅಲ್ಲಿಯೂ ತಡಕ್ಕೆ ಕಾರಣ ಹೆಂಡತಿ ಪ್ರಭಾವತಿ! ಸುಧನ್ವನನ್ನು ಕೃಷ್ಣ ಕಾಪಾಡಿದ. ಸೋರಿಹೋದ ಎಣ್ಣೆಯಿಂದ ನಮ್ಮನ್ನು ಕಾಪಾಡಲು ಯಾರು ಬರುತ್ತಾರೆ?

ಆಮೇಲೆ ಹುಡುಕಿಕೊಂಡು ಹೋದ ಇನ್ನೊಬ್ಬ ಮೆಕ್ಯಾನಿಕ್ ಹಿರಿಯರು ಬಿಚ್ಚಿ ತೋರಿಸಿ ತಿಳಿಸಿದರು. ಮುಂದಿನ ಚಕ್ರದ ಹಿಂದೆ ನಿಂತಿರುವ ಈ ಕಂಬಕ್ಕೆ ಸ್ಟ್ರಟ್ ಎಂದು ಹೆಸರು. ಮೆಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ್ದು. 1950ರ ದಶಕದಲ್ಲಿ ಫೋರ್ಡ್ ಕಾರುಗಳ ಮೂಲಕ ಹರಡಿತು. ಸ್ಪ್ರಿಂಗ್ ಏಟನ್ನು ನುಂಗುತ್ತದೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತಾ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಚಕ್ರದ ಜೊತೆ ಈ ಕಂಬವೂ ತಿರುಗುತ್ತದೆ. ಅಂದಮೇಲೆ ಇದು ಬರೀ ಸುಖಪ್ರಯಾಣದ ಮಾತೆ? ಬ್ರೇಕು, ತಿರುವು, ಟೈರು ಎಲ್ಲಕ್ಕೂ ಇದೇ ಆಧಾರ. ಸವೆದ ವಾಲ್ವಿಗೆ ಹೊಸ ಎಣ್ಣೆ ಹೊಯ್ಯುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಈಗ ನನ್ನ ಜಗಳ ಕೇಳಿ. "ಹಳೇ ಗಾಡಿಗೆ ಇಷ್ಟು ಸಾಕು" ಎನ್ನುವವರನ್ನು ನಾನು ಕೇಳುತ್ತೇನೆ: ಹಳೇ ಗಾಡಿಯೊಳಗೆ ಕೂತವರ ಜೀವವೂ ಹಳೆಯದೆ? ಇಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೆ. ಇದು ಕೆಟ್ಟರೆ ಕಾರು ನಿಲ್ಲುವುದಿಲ್ಲ, ಅದೇ ಅಪಾಯ. ಒಂದೇ ಕಡೆ ಬದಲಿಸುವುದು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿ ನಡೆಸಿದಂತೆ. ಎಡ ಬಲ ಜೋಡಿಯಾಗಿಯೇ ಹಾಕಿಸಬೇಕು.

ಆರಿಸುವುದೂ ಬ್ರಹ್ಮವಿದ್ಯೆಯಲ್ಲ. ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲದೆ ತೊಟ್ಟಿಲಿನಂತೆ ತೂಗಿದರೆ ಅನುಮಾನಿಸಿ. ಕಂಬದ ಮೇಲೆ ಎಣ್ಣೆಯ ಜಿಡ್ಡಿದೆಯೇ ನೋಡಿ. ನಿಂತ ಕಾರಿನ ಟೈರಿನ ಮೇಲೆ ಅಂಗೈ ಆಡಿಸಿ, ಅಲೆಯಲೆಯಾಗಿ ಸವೆದಿದೆಯೇ ತಿಳಿಯುತ್ತದೆ. ಅಂಗಡಿಯಲ್ಲಿ 'ಮಾರುತಿ' ಎಂದಷ್ಟೇ ಹೇಳಬೇಡಿ. ಆಲ್ಟೊ, ಓಮ್ನಿಯದು ಬೇರೆ. ಆರ್.ಸಿ. ತೋರಿಸಿ ಮಾಡೆಲು, ವರ್ಷ ಹೇಳಿ, ಪಾರ್ಟ್ ನಂಬರ್ ತಾಳೆ ನೋಡಿ. ಡಬ್ಬದ ಸೀಲು ನಿಮ್ಮೆದುರೇ ಒಡೆಯಲಿ. ಮೇಲಿನ ಮೌಂಟಿಂಗು, ಬಂಪ್ ಸ್ಟಾಪರ್, ಧೂಳಿನ ರಬ್ಬರ್ ಹಳತಾಗಿದ್ದರೆ ಅದೇ ಸಲ ಬದಲಿಸಿ. ಇಲ್ಲವಾದರೆ ಹೊಸದೂ ಬೇಗ ಹಾಳು. ಬಿಚ್ಚುವ ಕೆಲಸಕ್ಕೆ ಮಾತ್ರ ನಾವು ಕೈ ಹಾಕಬಾರದು. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಕುತ್ತು. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಬಿಲ್ಲು ಕೇಳಿ, ಹಳೆಯ ಸ್ಟ್ರಟ್ ನೋಡಿಯೇ ಬನ್ನಿ. ಕೊಳ್ಳುವ ಸರಕಿನ ಗುಣಮಟ್ಟ, ಬೆಲೆ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಆ ಹಕ್ಕು ಯಜಮಾನರಿಗೆ ಮಾತ್ರ ಎಂದು ಅಲ್ಲೆಲ್ಲೂ ಬರೆದಿಲ್ಲ.

ಎಲ್ಲ ಮೆಕ್ಯಾನಿಕ್ಕುಗಳೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ನನ್ನ ಸಿಟ್ಟು ಅರ್ಧ ನನ್ನ ಮೇಲೆಯೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿದೆಯೋ ಇಲ್ಲವೋ, ಗಿಟುಕು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವವರು ಈ ಸೀಮೆಯ ಹೆಂಗಸರು. ಅದೇ ಕಿವಿಗೆ ಕಾರಿನ ಗಡಗಡ ಅರ್ಥವಾಗುವುದಿಲ್ಲ ಎಂದು ನಂಬಿಸಿದವರು ಯಾರು? ನಂಬಿದವರಂತೂ ನಾವೇ.

ಮೊನ್ನೆ ಬೇರೊಂದು ಕೆಲಸಕ್ಕೆ ಗ್ಯಾರೇಜಿಗೆ ಹೋದಾಗ ಹೊಸ ಹುಡುಗನೊಬ್ಬ ಮತ್ತೆ ಅದೇ ರಾಗ ತೆಗೆದ: "ಯಜಮಾನ್ರಿಲ್ವಾ ಅಮ್ಮಾ?"

"ಇದೀನಲ್ಲಪ್ಪಾ, ಹೇಳು" ಎಂದೆ.