ಗೋಡೆಯ ಬುಡದ ತೇವ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮಗಳನ್ನು ಪಿಯುಸಿಗೆ ಸೇರಿಸಬೇಕೆಂದಾಗಲೇ ಅನೇಕ ಮನೆಗಳಲ್ಲಿ ಹಳೆಯ ಮರದ ಪೆಟ್ಟಿಗೆಯ ಮುಚ್ಚಳ ತೆರೆಯುವುದು. ಜಾತಿ ಪ್ರಮಾಣಪತ್ರ, ಅಣ್ಣನ ಅಂಕಪಟ್ಟಿ, ಜಮೀನಿನ ಕ್ರಯಪತ್ರ ಎಲ್ಲವೂ ಅದರೊಳಗೇ. ಮೇಲಿನ ಹಾಳೆ ಚೆನ್ನಾಗಿಯೇ ಇರುತ್ತದೆ. ಎತ್ತಿ ನೋಡಿದರೆ ಕೆಳಗಿನದೆಲ್ಲ ಜರಡಿ. ಅಂಕಪಟ್ಟಿಯ ಇನ್ನೊಂದು ಪ್ರತಿ ಅರ್ಜಿ ಹಾಕಿದರೆ ಸಿಕ್ಕೀತು, ಆದರೆ ಕಾಲೇಜಿಗೆ ಸೇರುವ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ. ಗೆದ್ದಲಿಗೆ ದಾರಿ ಮಾಡಿಕೊಟ್ಟದ್ದು ಪೆಟ್ಟಿಗೆ ಒರಗಿಸಿಟ್ಟ ಗೋಡೆ. ಅದು ವರ್ಷಗಳಿಂದ ತೇವವಾಗಿಯೇ ಇತ್ತು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ತೇವಕ್ಕೊಂದು ಚರಿತ್ರೆಯೇ ಇದೆ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿಯ ನೆಲಕ್ಕೆ ಭತ್ತ ಕಬ್ಬು ತಂದುಕೊಟ್ಟಿತು. ಗದ್ದೆಯ ನೀರು ಇಂಗಿದಂತೆಲ್ಲ ನೆಲದೊಳಗಿನ ನೀರು ಮೇಲೇರಿತು. ತಗ್ಗಿನ ಕೆಲವು ಜಾಗ ಚೌಳಾಯಿತು. ಹೊಲಕ್ಕೆ ಬಂದ ಚೌಳು ಮನೆಯ ಗೋಡೆಯನ್ನು ಬಿಟ್ಟೀತೆ?

ಇದು ಹೇಗೆಂದು ಮಕ್ಕಳೇ ಮನೆಯಲ್ಲಿ ನೋಡಬಹುದು. ಒಣಗಿದ ಇಟ್ಟಿಗೆಯೊಂದನ್ನು ತಟ್ಟೆಯಲ್ಲಿ ನಿಲ್ಲಿಸಿ ಒಂದು ಬೆರಳಿನಷ್ಟು ನೀರು ಹಾಕಿಡಬೇಕು. ಬೆಳಗಾಗುವಷ್ಟರಲ್ಲಿ ತೇವ ನೀರಿನ ಮಟ್ಟ ದಾಟಿ ಮೇಲಕ್ಕೆ ಹತ್ತಿರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೀರನ್ನು ಎಳೆಯುತ್ತವೆ. ಗೋಡೆಯಲ್ಲಿ ಆಗುವುದೂ ಇದೇ. ನೀರು ಆರುತ್ತದೆ, ಅದರೊಂದಿಗೆ ಬಂದ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಮೊಳಕಾಲುದ್ದ ಸುಣ್ಣ ಹಪ್ಪಳದಂತೆ ಏಳುವುದು ಇದಕ್ಕೇ.

ಆಗ ಮನೆಯವರು ಮಾಡುವ ಕೆಲಸವೆಂದರೆ ಉದುರಿದ ಕಡೆ ಸಿಮೆಂಟು ಮೆತ್ತುವುದು. ನೋಡಲು ಗಟ್ಟಿ. ಆದರೆ ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆ ಆರಬೇಕಾದ ದಾರಿಯನ್ನು ಸಿಮೆಂಟು ಮುಚ್ಚಿಬಿಡುತ್ತದೆ. ಮೊಳಕಾಲುದ್ದ ಇದ್ದ ತೇವ ಮರುವರ್ಷ ಸೊಂಟದವರೆಗೆ ಬರುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ಸುಣ್ಣವೆಂದರೆ ಬಡವರ ಸಾಮಾನೆಂದು ಮೂಗು ಮುರಿಯುವವರು ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣ ಸುರ್ಕಿಯ ಗಾರೆಯಲ್ಲಿ ಕಟ್ಟಿದ್ದಾರೆಂಬುದನ್ನು ನೆನೆಯಬಹುದು. ಇದಕ್ಕಿಂತ ಮೊದಲು, ಗೋಡೆಯ ಹೊರಗೆ ಬಚ್ಚಲ ನೀರು ನಿಲ್ಲುತ್ತಿದೆಯೇ, ಮಣ್ಣು ಸೌದೆ ಒಟ್ಟಿದೆಯೇ ನೋಡಬೇಕು. ನೆಲ ಮನೆಯಿಂದ ಆಚೆಗೆ ಇಳಿಜಾರಾಗಿದ್ದರೆ ಅರ್ಧ ತೊಂದರೆ ಅಲ್ಲಿಗೇ ಕಡಿಮೆ. ಇದಕ್ಕೆ ಗುದ್ದಲಿ ಸಾಕು, ಗಾರೆ ಕೆಲಸದವರೂ ಬೇಡ.

ಮೇಲಿನ ನೀರಿನದು ಬೇರೆ ಕಥೆ. ಹೆಂಚಿನ ಮನೆಯವರು ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು ಹಿಂದಿನಿಂದ ಬಂದ ಪದ್ಧತಿ. ಕೋತಿಗಳ ದಯೆಯಿಂದ ಒಡೆದ ಹೆಂಚು ಇದ್ದೇ ಇರುತ್ತದೆ. ಆದರೆ ಈ ಸೀಮೆಯಲ್ಲಿ ಜೋರು ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದ್ದರಿಂದ ಗೌರಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ ಹತ್ತಿ ನೋಡುವುದು ಒಳ್ಳೆಯದು. ಒಂದು ಹೆಂಚಿನ ಬೆಲೆಗೆ ಹಿಂದೆಮುಂದೆ ನೋಡಿದವರು ಆಮೇಲೆ ಜಂತಿಯ ಬೆಲೆ ಕೊಡುತ್ತಾರೆ.

ತಾರಸಿ ಮನೆಯವರಿಗೆ ಮಳೆನೀರಿನ ಕೊಳವೆಯ ಬಾಯಿಯೇ ಮುಖ್ಯ. ಒಣ ಎಲೆ, ಮಕ್ಕಳ ಚೆಂಡು ಸಿಕ್ಕಿಕೊಂಡರೆ ತಾರಸಿಯೇ ಕೆರೆ. ನೀರು ಒಳಗಿನ ಕಬ್ಬಿಣ ಮುಟ್ಟಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಡೆದು ಕೆಳಕ್ಕೆ ಬೀಳಿಸುತ್ತದೆ. ಬಿರುಕಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಚಿಗುರಿದರೆ ದೇವರ ಗಿಡವೆಂದು ಬಿಡುವವರುಂಟು. ಎರಡೆಲೆ ಇರುವಾಗಲೇ ಬೇರು ಸಮೇತ ಕಿತ್ತು ಕೆರೆಯ ಏರಿಯ ಪಕ್ಕದಲ್ಲಿ ನೆಟ್ಟರೆ ಪಾಪವೂ ಇಲ್ಲ, ಗೋಡೆಯೂ ಉಳಿಯುತ್ತದೆ.

ತೊಟ್ಟಿಕ್ಕುವ ನಲ್ಲಿಯ ಲೆಕ್ಕ ಏಳನೆಯ ತರಗತಿಯವರಿಗೂ ಬರುತ್ತದೆ. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರಿಗೆ ಮೇಲಾಯಿತು. ಅಷ್ಟೂ ಬಚ್ಚಲ ಗೋಡೆಯ ಬುಡಕ್ಕೆ. ವಾಷರು ಬದಲಿಸಲು ಹಿಡಿಯುವುದು ಹತ್ತು ನಿಮಿಷ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬಾರದು. ಮಣ್ಣಿನ ಗೋಡೆ ಉಬ್ಬಿ ಹೊರಗೆ ವಾಲಿದ್ದರೆ, ಬಿರುಕಿನಲ್ಲಿ ಬೆರಳು ಹೋಗುವಂತಿದ್ದರೆ ಅದು ತೇಪೆ ಹಾಕುವ ಕೆಲಸವಲ್ಲ. ನಾಲ್ಕು ದಿನ ಹಿಡಿದ ಮಳೆಯಲ್ಲಿ ಅಂಥ ಗೋಡೆ ನೀರು ಕುಡಿದು ಭಾರವಾಗಿ, ಮನೆಯವರು ಮಲಗಿರುವ ಹೊತ್ತಿನಲ್ಲೂ ಕುಸಿಯಬಹುದು. ಮಕ್ಕಳ ಹಾಸಿಗೆಯನ್ನು ಅಂದೇ ಅಲ್ಲಿಂದ ತೆಗೆಯಬೇಕು. ಗೋಡೆಯನ್ನು ಅನುಭವಸ್ಥರಿಗೆ ತೋರಿಸಬೇಕು.

ಇನ್ನು ಆ ಪೆಟ್ಟಿಗೆ. ನಾಲ್ಕು ಮೂಲೆಗೂ ಕಲ್ಲು ಕೊಟ್ಟು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಕಾಗದಗಳು ತಗಡಿನ ಡಬ್ಬಿಯಲ್ಲಿದ್ದರೆ ಇನ್ನೂ ಮೇಲು. ಹಿಂದಿನ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದೇ ಗೆದ್ದಲಿನ ದಾರಿ. ಕಡ್ಡಿಯಿಂದ ಸ್ವಲ್ಪ ಕೆರೆದು ಬಿಡಬೇಕು. ಎರಡು ಮೂರು ದಿನದಲ್ಲಿ ಅಲ್ಲಿ ಮತ್ತೆ ಹಸಿ ಮಣ್ಣು ಮೆತ್ತಿದ್ದರೆ ಗೆದ್ದಲು ಇನ್ನೂ ಓಡಾಡುತ್ತಿದೆ.