ಬೆಳ್ಳಿಯ ಕಣವೂ ವೃಷಭಾವತಿಯ ಲೋಳೆಯೂ

ಜ್ಞಾನಭಾರತಿಯ ಬಳಿ ಹರಿಯುವ ವೃಷಭಾವತಿಯನ್ನು ಬಲ್ಲವರು ಅದರ ಕಲ್ಲುಗಳಿಗೆ ಅಂಟಿದ ಲೋಳೆಯನ್ನೂ ಕಂಡಿರಬೇಕು. ನಮ್ಮ ಹಲ್ಲಿಗೆ ಕಟ್ಟುವ ಪಾಚಿಯೂ ಅದರ ಕುಲಬಂಧುವೇ. ಏಕಾಣುಜೀವಿಗಳು ಒಂಟಿಯಾಗಿ ತೇಲುವುದನ್ನು ಬಿಟ್ಟು, ತಾವೇ ಸ್ರವಿಸಿದ ಅಂಟಿನೊಳಗೆ ಸಂಸಾರ ಹೂಡಿದಾಗ ಉಂಟಾಗುವ ಈ ಪದರಕ್ಕೆ ಬಯೋಫಿಲ್ಮು, ಅಂದರೆ ಜೀವಿಪೊರೆ, ಎಂದು ಹೆಸರು. 1683ರಲ್ಲಿ ಲೇವನ್‌ಹುಕ್ ತನ್ನ ಹಲ್ಲಿನ ಕಿಟ್ಟದಲ್ಲಿ ಕಂಡದ್ದು ಇಂಥ ಪೊರೆಯ ನಿವಾಸಿಗಳನ್ನೇ. ಪೊರೆಯನ್ನು ಹೊಕ್ಕ ಜೀವಿಯನ್ನು ಕೊಲ್ಲಲು ಕೆಲವೊಮ್ಮೆ ಸಾವಿರ ಪಾಲು ಹೆಚ್ಚು ಔಷಧ ಬೇಕಾಗುವುದುಂಟು. ಮೂತ್ರನಾಳದ ಕೊಳವೆಯ ಮೇಲೋ ಕೃತಕ ಕೀಲಿನ ಮೇಲೋ ಅದು ಬೆಳೆದರೆ, ಎಷ್ಟೋ ವೇಳೆ ಆ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ.

ಇದಕ್ಕೆ ಬೆಳ್ಳಿಯ ನ್ಯಾನೋಕಣಗಳೇ ಮದ್ದೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಒಂದು ಸೆಂಟಿಮೀಟರ್ ಪಕ್ಕವುಳ್ಳ ಬೆಳ್ಳಿಯ ಘನಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ 10 ನ್ಯಾನೋಮೀಟರ್ ಪಕ್ಕದ ಘನಗಳಾಗಿ ಸೀಳಿದರೆ 600 ಚದರ ಮೀಟರ್! ಆ ಮೇಲ್ಮೈಯಿಂದ ಕಳಚಿ ಬರುವ ಬೆಳ್ಳಿಯ ಅಯಾನುಗಳು ಏಕಾಣುಜೀವಿಯ ಕಿಣ್ವಗಳಲ್ಲಿರುವ ಗಂಧಕವನ್ನು ಹಿಡಿದು ಅವನ್ನು ನಿಷ್ಕ್ರಿಯಗೊಳಿಸುತ್ತವೆ.

ನಮ್ಮ ಕಾಲೇಜುಗಳಲ್ಲಿ ಇದೊಂದು ಅಚ್ಚುಮೆಚ್ಚಿನ ಪ್ರಾಜೆಕ್ಟು. ಬೇವಿನ ಅಥವಾ ತುಳಸಿಯ ಕಷಾಯಕ್ಕೆ ಸಿಲ್ವರ್ ನೈಟ್ರೇಟನ್ನು ಬೆರೆಸಿದರೆ ದ್ರಾವಣವು ಹಳದಿಯಾಗಿ, ಬಳಿಕ ಕಂದಾಗುತ್ತದೆ. ಏಕಾಣುಜೀವಿಗಳನ್ನು ಬೆಳೆಸಿದ ತಟ್ಟೆಯ ಮೇಲೆ ಅದರ ಒಂದು ಹನಿಯನ್ನಿಟ್ಟರೆ ಸುತ್ತಲೂ ಬಯಲು ಬೀಳುತ್ತದೆ. ಆ ಬಯಲಿನ ಅಗಲವನ್ನಳೆದು 'ಬಯೋಫಿಲ್ಮಿಗೂ ಇದೇ ಗತಿ' ಎಂದು ಬರೆದ ವರದಿಗಳಿಗೆ ನಾನೂ ಅಂಕ ಕೊಟ್ಟಿದ್ದೇನೆ. ಅದು ತಪ್ಪು. ಹೊಸದಾಗಿ ಮೊಳೆಯುತ್ತಿರುವ ಜೀವಿ ಬೇರೆ, ಬಲಿತ ಪೊರೆಯೊಳಗಿನದು ಬೇರೆ. ಪೊರೆಯ ಅಂಟು ಅಯಾನುಗಳನ್ನು ಹಿಡಿದು ನಿಲ್ಲಿಸುತ್ತದೆ. ಪೊರೆ ದಟ್ಟವಾಗಿದ್ದರೆ 50 ನ್ಯಾನೋಮೀಟರಿಗಿಂತ ದಪ್ಪನಾದ ಕಣ ಒಳನುಸುಳುವುದೇ ಕಷ್ಟ.

ಹಾಗೆಂದು ಆಸ್ಪತ್ರೆಯಲ್ಲಿ ಬೆಳ್ಳಿಗೆ ಕೆಲಸವಿಲ್ಲವೆಂದಲ್ಲ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಕೃತಕ ಉಸಿರಾಟದ ನಳಿಗೆಗೆ ಬೆಳ್ಳಿಯನ್ನು ಲೇಪಿಸಿದಾಗ ನ್ಯುಮೋನಿಯಾಕ್ಕೆ ತುತ್ತಾದವರು ಶೇಕಡ 7.5ರಿಂದ 4.8ಕ್ಕೆ ಇಳಿದರು. ಸಾವಿನ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೊರೆ ಕಟ್ಟುವ ಮುನ್ನವೇ ತಡೆಯುವುದು ಬೆಳ್ಳಿಯ ಬಲ. ಕಟ್ಟಿದ್ದನ್ನು ಕೀಳುವುದು ಬೇರೆಯೇ ಮಾತು.

ನನ್ನ ಆಕ್ಷೇಪವಿರುವುದು ಕಾಲುಚೀಲಕ್ಕೆ, ಒಳ ಅಂಗಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಬೆಳ್ಳಿ ಹಾಕುವ ವ್ಯಾಪಾರದ ಬಗ್ಗೆ. ಅಮೆರಿಕದ ಅರಿಜೋನಾದಲ್ಲಿ 2008ರಲ್ಲಿ ಪರೀಕ್ಷಿಸಿದ ಕೆಲವು ಕಾಲುಚೀಲಗಳು ನಾಲ್ಕೇ ಒಗೆತಕ್ಕೆ ತಮ್ಮ ಬೆಳ್ಳಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿಗೆ ಬಿಟ್ಟವು. ರಾಜಾಜಿನಗರದಲ್ಲಿ, ವಿಜಯನಗರದಲ್ಲಿ ಒಗೆದ ನೀರು ಸೇರುವುದು ಎಲ್ಲಿಗೆ? ವೃಷಭಾವತಿಯ ಕಣಿವೆಗೆ. ಕೊಳಚೆಯಲ್ಲಿ ಬೆಳ್ಳಿಯ ಬಹುಪಾಲು ಸಲ್ಫೈಡಾಗಿ ಮಾರ್ಪಟ್ಟು ಸೌಮ್ಯವಾಗುವುದೆಂಬುದು ನಿಜ. ಆದರೆ ಕೊಳಚೆಯನ್ನು ಶುದ್ಧಮಾಡುವವರು ಯಾರು? ಅದೇ ಲೋಳೆ, ಅವೇ ಏಕಾಣುಜೀವಿಗಳು! ಅಮೋನಿಯವನ್ನು ನೈಟ್ರೇಟಾಗಿಸುವ ಜೀವಿಗಳಂತೂ ಬೆಳ್ಳಿಗೆ ಬಹು ಬೇಗ ಸೋಲುತ್ತವೆ.

ಇನ್ನೊಂದು ಅಪಾಯ ಹಳೆಯದು. ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡದ್ದು 1975ರಲ್ಲಿಯೇ ವರದಿಯಾಗಿತ್ತು. ಆ ಗುಣವನ್ನು ಜೀವಿಯಿಂದ ಜೀವಿಗೆ ದಾಟಿಸುವ ಪ್ಲಾಸ್ಮಿಡ್ಡೂ ಅದರಲ್ಲಿತ್ತು. ಕಾಲುಚೀಲದ ದುರ್ಗಂಧಕ್ಕಾಗಿ ಈ ಗುಣವನ್ನು ಊರೆಲ್ಲ ಬೆಳೆಸಿ, ನಾಳೆ ಸುಟ್ಟಗಾಯದ ರೋಗಿಗೆ ಬೆಳ್ಳಿಯ ಮುಲಾಮು ನಾಟದಂತೆ ಮಾಡುವುದು ಯಾವ ಲೆಕ್ಕಾಚಾರ? ಅಯಾನು ಬಿಡುವ ಒಗೆಯುವ ಯಂತ್ರಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಕೀಟನಾಶಕಗಳ ನೋಂದಣಿಯಡಿಗೆ ತಂದಿತು. ನಮ್ಮಲ್ಲಿಯೂ ಇಂಥ ಸರಕಿನ ಮೇಲೆ ಬೆಳ್ಳಿಯ ಪ್ರಮಾಣವನ್ನೂ, ಅದು ಎಷ್ಟು ಒಗೆತ ಉಳಿದೀತೆಂಬುದನ್ನೂ ಅಚ್ಚುಮಾಡಬೇಕೆಂದು ಕೇಳುವುದು ಅತಿಯಾಗಲಾರದು.

ನಾವೂ ನಿರ್ದೋಷಿಗಳಲ್ಲ. ಪ್ರಾಜೆಕ್ಟು ಮುಗಿದ ಮೇಲೆ ಉಳಿದ ಕಂದು ದ್ರಾವಣವನ್ನು ಬಹುಕಾಲ ತೊಟ್ಟಿಗೇ ಚೆಲ್ಲುತ್ತಿದ್ದೆವು. ಈಗ ತೊಟ್ಟಿಯ ಪಕ್ಕದಲ್ಲಿ ಒಂದು ದೊಡ್ಡ ಸೀಸೆಯನ್ನಿಟ್ಟಿದ್ದೇವೆ. ಅದಕ್ಕೆ ಅಡುಗೆಯುಪ್ಪು ಹಾಕಿದರೆ ಬೆಳ್ಳಿ ತಳಕ್ಕಿಳಿಯುತ್ತದೆ; ಈ ವರ್ಷದ್ದು ಎರಡು ಬೆರಳು ದಪ್ಪ ಕೂತಿದೆ.